ಮಾಯಿಗ ಅಭಿಪ್ರಾಯ ಕೇಳಿದ್ದು

ಕೆಂಪಾಜಮ್ಮನಿಗೆ ಒಬ್ಬನೇ ಮಗ. ಒಬ್ಬನೇ ಸಾಕಾಗಿತ್ತು.

ಹೆಸರು ಮಾಯಿಗ. ವಯಸ್ಸು ಮೂವತ್ತೆರಡು. ಮೈಗಳ್ಳನಲ್ಲ, ಕುಡುಕನಲ್ಲ, ಎದುರು ಮಾತಾಡುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದ. ಅದೇ ಅವನ ರೋಗ. ಒಂದು ದಿನ ಅವ್ವ, "ಅನ್ನ ಬೆಂದೈತಾ ಒಂದಗುಳು ಹಿಸುಕಿ ನೋಡ್ಲಾ" ಅಂದು ನೀರಿಗೆ ಹೋದಳು. ಬಂದು ನೋಡಿದರೆ ಮಗ ಒಲೆಯ ಮುಂದೆ ಕೂತು ಇಡೀ ಪಾತ್ರೆಯನ್ನು ಒಂದೊಂದೇ ಅಗುಳಾಗಿ ಹಿಸುಕುತ್ತಿದ್ದಾನೆ.

"ಒಂದು ಅಂದ್ನಲ್ಲೋ."

"ಒಂದು ಬೆಂದಿತ್ತು ಕಣವ್ವ. ಮಿಕ್ಕವನ್ನ ವಿಚಾರಿಸ್ದೆ ಹೆಂಗೆ ಹೇಳೋದು?"

ಅವತ್ತು ಇಬ್ಬರೂ ಗಂಜಿ ಉಂಡರು. ಕೆಂಪಾಜಮ್ಮ ಉಣ್ಣುತ್ತಲೇ ಬೈದಳು, ಬೈಯುತ್ತಲೇ ಕೈ ತೊಳೆದಳು.

ಕೆಂಪಾಜಮ್ಮ ಊರಿನ ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷದಿಂದ ಆಯಾ. ಒಂದು ಟ್ರಸ್ಟು ನಡೆಸುತ್ತಿದ್ದ ಆಸ್ಪತ್ರೆ. ಹತ್ತು ಮಂಚ, ಒಬ್ಬ ನರ್ಸು, ವಾರಕ್ಕೆ ಮೂರು ದಿನ ಡಾಕ್ಟರು. ಸುತ್ತ ಇಪ್ಪತ್ತು ಹಳ್ಳಿಯ ಹೆಂಗಸರು ಬರುತ್ತಿದ್ದುದು ಅಲ್ಲಿಗೇ. ಈಗ ಟ್ರಸ್ಟಿನವರಿಗೆ ಅದನ್ನು ಮುಚ್ಚುವ ಮನಸ್ಸಾಗಿತ್ತು. ಹದಿನಾರು ಕಿಲೋಮೀಟರ್ ಆಚೆ, ಹೆದ್ದಾರಿ ಬದಿಯಲ್ಲಿ, ಅವರದೇ ದೊಡ್ಡ ಆಸ್ಪತ್ರೆ ಇತ್ತು. ಹೆರಿಗೆಯನ್ನೂ ಅಲ್ಲಿಗೇ ಸೇರಿಸಿದರಾಯಿತು ಅಂದರು. ಆದರೆ ದಾನ ಕೊಡುವವರು ಒಂದು ಷರತ್ತು ಹಾಕಿದರು. ಮೊದಲು ಜನರನ್ನು ಕೇಳಿ, ಗುಂಪು ಗುಂಪಾಗಿ ಕೂರಿಸಿ ಕೇಳಿ, ಎಂಟು ಹಳ್ಳಿಯಲ್ಲಿ ಎಂಟು ಗುಂಪು, ಆಮೇಲೆ ಮುಂದಿನ ಮಾತು.

ಕೇಳುವುದಕ್ಕೆ ಟ್ರಸ್ಟಿನ ಕಚೇರಿಯಿಂದ ಹೈಮವತಿ ಬಂದಳು. ಕೈಯಲ್ಲಿ ಪ್ರಶ್ನೆಗಳ ಹಾಳೆ, ಚೀಲದಲ್ಲಿ ರೆಕಾರ್ಡರು, ಜೀಪಿನಲ್ಲಿ ಎರಡು ಡಬ್ಬ ಬಿಸ್ಕತ್ತು. ಫೋಕಸ್ ಗ್ರೂಪ್ ಅಂದಳು. ಯಾರಿಗೂ ತಿಳಿಯಲಿಲ್ಲ. ಗುಂಪು ಚರ್ಚೆ ಅಂದಳು. ತಿಳಿಯಿತು. ಜನರನ್ನು ಕರೆದು ಕೂರಿಸಲು ಊರಿನವನೇ ಒಬ್ಬ ಬೇಕು ಅಂದಳು.

ಕೆಂಪಾಜಮ್ಮ ಮಗನನ್ನು ಮುಂದೆ ತಳ್ಳಿದಳು. ಆಸ್ಪತ್ರೆ ಹೋದರೆ ಅವಳ ಕೆಲಸ ಹೋಗುತ್ತದೆ. ಅದಿರಲಿ. ನೋವು ಶುರುವಾದ ಹೆಣ್ಣು ಆ ರಸ್ತೆಯಲ್ಲಿ ಹದಿನಾರು ಕಿಲೋಮೀಟರ್ ಹೋಗುವ ಹೊತ್ತಿಗೆ ಏನಾಗುತ್ತದೆ ಅಂತ ಊರಿನಲ್ಲಿ ಅವಳಷ್ಟು ಬಲ್ಲವರು ಇರಲಿಲ್ಲ.

"ಮೇಡಂ ಹೇಳ್ದಂಗೆ ಕೇಳು" ಅಂದಳು ಮಗನಿಗೆ. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಆದರೆ ಹೇಳಿಯಾಗಿತ್ತು.

ಮೊದಲ ಗುಂಪು ಹಾಲಿನ ಡೇರಿಯ ಕೋಣೆಯಲ್ಲಿ. ಹೈಮವತಿ ಹೇಳಿದಳು: "ಎಂಟು ಜನ ಬೇಕು. ಏಳಲ್ಲ, ಒಂಬತ್ತಲ್ಲ. ದುಂಡಗೆ ಕೂರಿಸು. ನಾನು ಹಾಳೆ ಜೋಡಿಸಿಕೊಂಡು ಬರುತ್ತೇನೆ."

ಮಾಯಿಗ ಎಂಟು ಹೆಂಗಸರನ್ನು ಕರೆದು ಕೂರಿಸಿದ. ಎಣಿಸಿದ. ಒಂಬತ್ತು. ಮತ್ತೆ ಎಣಿಸಿದ. ಮತ್ತೆ ಒಂಬತ್ತು. ಒಬ್ಬಳ ಮಡಿಲಲ್ಲಿ ಎರಡು ತಿಂಗಳ ಕೂಸಿತ್ತು. ಮಾಯಿಗ ಕೂಸನ್ನು ಎತ್ತಿಕೊಂಡು ಹೋಗಿ ಹೊರಗೆ ಹಾಲಿನ ಕ್ಯಾನುಗಳ ನಡುವೆ ಗೋಣಿ ಹಾಸಿ ಮಲಗಿಸಿ ಬಂದ. ತಾಯಿ ಕಿರುಚಿಕೊಂಡು ಎದ್ದು ಓಡಿದಳು. ಕೂಸನ್ನು ಎದೆಗವಚಿಕೊಂಡವಳು ತಿರುಗಿಯೂ ನೋಡದೆ ಮನೆಗೆ ನಡೆದಳು.

ಈಗ ಏಳು. ಏಳಲ್ಲ ಅಂದಿದ್ದಾರೆ. ಎಮ್ಮೆ ದಲ್ಲಾಳಿ ಒಬ್ಬ ಬಾಗಿಲ ಮುಂದೆ ಹಾದುಹೋಗುತ್ತಿದ್ದ. ಮಾಯಿಗ ಅವನ ತೋಳು ಹಿಡಿದು ತಂದು ಕೂರಿಸಿದ.

ಹೈಮವತಿ ಹಾಳೆಯಿಂದ ತಲೆ ಎತ್ತದೆ ಒಳಗೆ ಬಂದು, ಕೂತು, ರೆಕಾರ್ಡರು ಒತ್ತಿ ಮೊದಲ ಪ್ರಶ್ನೆ ಕೇಳಿದಳು. "ಕಳೆದ ವರ್ಷ ಹೆರಿಗೆ ಎಲ್ಲಿ ಆಯಿತು?"

"ಹಟ್ಟೀಲೇ ಆಯ್ತು" ಅಂದ ದಲ್ಲಾಳಿ. "ಎರಡೂ ಹೆಣ್ಗರ."

ಹೆಂಗಸರು ನಗಲಿಲ್ಲ. ಕೂಸನ್ನು ಹೊರಗಿಟ್ಟವನ ಮೇಲೆ ಅವರಿಗೆ ಕೆಂಡದಂಥ ಕೋಪ. "ಮಗೀನ ಕ್ಯಾನ್ ಪಕ್ಕ ಮನಗಿಸ್ತಾನೆ, ಎಮ್ಮೆಯೋನ್ನ ನಮ್ಮ ಪಕ್ಕ ಕೂರಿಸ್ತಾನೆ. ಇವನ ಮುಂದೆ ನಮ್ಮ ಹೆರಿಗೆ ಕತೆ ಹೇಳ್ಬೇಕಾ?" ಅಂದು ಸೆರಗು ಕೊಡವಿ ಎದ್ದರು.

ಜೀಪಿನಲ್ಲಿ ಹೈಮವತಿ ಬೈದಳು. "ನಿನಗೆ ಲೆಕ್ಕ ಒಂದೇ ತಲೆಗೆ ಹೋಗಿದ್ದು. ಎಂಟು ಅಂದರೆ ಯಾವ ಎಂಟಾದರೂ ಆಗುತ್ತದಾ? ಎಲ್ಲರೂ ಒಂದೇ ಥರದವರಿರಬೇಕು. ಒಬ್ಬರನ್ನು ಒಬ್ಬರು ನೋಡಿ ಮುದುರಿಕೊಳ್ಳಬಾರದು. ಒಂದೇ ಮನೆಯವರ ಹಾಗೆ ಇರಬೇಕು. ತಿಳಿಯಿತಾ?"

"ತಿಳೀತು ಮೇಡಂ. ಒಂದೇ ಮನೆಯವರು."

ಎರಡನೆಯ ಗುಂಪಿಗೆ ಅವನು ಹೆಚ್ಚು ಅಲೆಯಲಿಲ್ಲ. ಕಲ್ಲುಬಾವಿಯ ಪಟೇಲರ ಮನೆಗೆ ಹೋದ. ಆ ಮನೆಯಲ್ಲಿ ಐವರು ಸೊಸೆಯರು, ಇಬ್ಬರು ಹೆಣ್ಣುಮಕ್ಕಳು. ಏಳು. ಅತ್ತೆ ನಿಂಗಾಜಮ್ಮ ಸೇರಿ ಎಂಟು. ನಡುಮನೆಯಲ್ಲಿ ದುಂಡಗೆ ಕೂರಿಸಿದ. ಈ ಸಲ ತಪ್ಪಿಲ್ಲ ಅಂತ ಅವನಿಗೆ ಧೈರ್ಯ.

ಹೈಮವತಿ ಹಿರಿಯ ಸೊಸೆಯನ್ನು ಕೇಳಿದಳು. "ಆಸ್ಪತ್ರೆಯಲ್ಲಿ ನಿಮ್ಮನ್ನು ಹೇಗೆ ನೋಡಿಕೊಂಡರು?"

"ಚೆಂದಾಗಿ ನೋಡ್ಕಂಡ್ರು" ಅಂದಳು ನಿಂಗಾಜಮ್ಮ.

ಎರಡನೆಯವಳನ್ನು ಕೇಳಿದಳು. "ನಿಮಗೆ ಅಲ್ಲಿಗೆ ಹೋಗಲು ಗಾಡಿ ಸಿಕ್ಕಿತಾ?"

"ಸಿಕ್ತು" ಅಂದಳು ನಿಂಗಾಜಮ್ಮ. "ನಮ್ಮನೇಲಿ ಗಾಡಿಗೇನು ಬರ."

"ಅವರೇ ಹೇಳಲಿ ಅಮ್ಮ."

"ಅವಳು ಹೇಳೋದು ಒಂದು, ನಾನು ಹೇಳೋದು ಒಂದಾ? ಏನೇ ಸುಮಿತ್ರಿ?"

"ಇಲ್ಲ ಅತ್ತೆ."

"ಏನೇ ಮಾದೇವಿ?"

"ಇಲ್ಲ ಅತ್ತೆ."

ಒಂದು ಗಂಟೆ ಹೀಗೇ ನಡೆಯಿತು. ಹೈಮವತಿ ಜೀಪು ಹತ್ತುವಾಗ ಕಿರಿಯ ಸೊಸೆ ಮೊರ ಕೊಡವುವ ನೆಪದಲ್ಲಿ ಬೇಲಿಯ ಹತ್ತಿರ ಬಂದಳು. "ಆಸ್ಪತ್ರೆ ಇಲ್ಲೇ ಇರ್ಲಿ ಅಂತ ಬರ್ಕಳಿ. ನಾನು ಹೇಳ್ದೆ ಅಂತ ಬರೀಬ್ಯಾಡಿ" ಅಂದು ಒಳಗೆ ಹೋಗಿಬಿಟ್ಟಳು.

ಹೈಮವತಿಗೆ ಅಳುವಷ್ಟು ಸಿಟ್ಟು ಬಂತು. ಕಚೇರಿಯಿಂದ ಬೆಳಗ್ಗೆಯಿಂದ ಮೂರು ಫೋನು. ಎಷ್ಟು ಗುಂಪಾಯಿತು, ಯಾಕೆ ಇಷ್ಟು ತಡ. ಇಲ್ಲಿ ರೆಕಾರ್ಡರಿನಲ್ಲಿ ಒಬ್ಬಳದೇ ದನಿ, ಮಿಕ್ಕವರದು 'ಇಲ್ಲ ಅತ್ತೆ.'

"ಅತ್ತೆ ಮುಂದೆ ಸೊಸೆ ಬಾಯಿ ಬಿಡುತ್ತಾಳೇನಯ್ಯ? ಅಷ್ಟೂ ಗೊತ್ತಿಲ್ಲವಾ?"

"ನಂಗೆ ಮದುವೆ ಆಗಿಲ್ಲ ಮೇಡಂ."

"ಕೇಳು ಇಲ್ಲಿ. ಒಬ್ಬಳೇ ಮಾತಾಡುತ್ತಾ ಹೋದರೆ, ಮಿಕ್ಕವರು ಸುಮ್ಮನೆ ಕೂತಿದ್ದರೆ, ನೀನು ಎದ್ದು ನಿಲ್ಲಬೇಕು. ಕೈ ಮುಗಿದು ಹೇಳಬೇಕು. 'ನೀವು ಹೇಳಿದ್ದು ಸಾಕು ತಾಯಿ, ಬೇರೆಯವರು ಮಾತಾಡಲಿ.' ಹೇಳು ನೋಡೋಣ."

"ನೀವು ಹೇಳಿದ್ದು ಸಾಕು ತಾಯಿ, ಬೇರೆಯವರು ಮಾತಾಡಲಿ."

ಮನೆಗೆ ಹೋಗುವವರೆಗೂ ಅದನ್ನೇ ಹೇಳಿಕೊಂಡ. ಉಣ್ಣುವಾಗ ಅವ್ವನಿಗೂ ಒಂದು ಸಲ ಹೇಳಿ ಸೌಟಿನಲ್ಲಿ ಹೊಡೆಸಿಕೊಂಡ.

ಮೂರನೆಯ ಗುಂಪು ಹುಣಸೇಕೊಪ್ಪಲಿನ ಶಾಲೆಯ ಜಗಲಿಯಲ್ಲಿ. ಅವತ್ತು ಹೈಮವತಿಯೇ ಮನೆ ಮನೆಗೆ ಹೋಗಿ ಕರೆತಂದಳು. ಎಂಟು ಜನ. ಎಲ್ಲರೂ ಇಟ್ಟಿಗೆ ಗೂಡಿನಲ್ಲಿ ದುಡಿಯುವವರು. ಅತ್ತೆಯರಿಲ್ಲ, ದಲ್ಲಾಳಿಯಿಲ್ಲ. ನಡುವೆ ತಟ್ಟೆಯಲ್ಲಿ ಬಿಸ್ಕತ್ತು. ಎಲ್ಲ ಸರಿಯಿತ್ತು. ಆದರೆ ಯಾರೂ ಮಾತಾಡಲೊಲ್ಲರು. ಕೈಯಲ್ಲಿ ಬಿಸ್ಕತ್ತು ಹಿಡಿದು ನೆಲ ನೋಡುತ್ತಾ ಕೂತರು.

ಬಹಳ ಹೊತ್ತಿನ ಮೇಲೆ ಜವರಮ್ಮ ಅನ್ನುವವಳು ಬಾಯಿ ತೆರೆದಳು.

"ಹೋದ ಮಾಗೀಲಿ ನಂಗೆ ದಿನ ತುಂಬಿತ್ತು. ನಿಮ್ಮ ಆಸ್ಪತ್ರೆಗೆ ಹೋದ್ವಿ. ನರ್ಸಮ್ಮ ರಜ, ನಾಕು ದಿನ ಬೀಗ. ಹೆದ್ದಾರಿಗೆ ಹೋಗಿ ಅಂತ ಚೀಟಿ ಅಂಟಿಸಿದ್ರು. ಟ್ರ್ಯಾಕ್ಟರಲ್ಲಿ ಹೊಂಟ್ವಿ. ರಸ್ತೆ ಗೊತ್ತಲ್ಲ. ಹಳ್ಳದ ತಾವ ಬರೋ ಹೊತ್ಗೆ ನಂಗೆ..."

ಎಲ್ಲರೂ ಸುಮ್ಮನೆ ಕೂತಿದ್ದರು. ಒಬ್ಬಳೇ ಮಾತಾಡುತ್ತಿದ್ದಳು.

ಮಾಯಿಗ ಎದ್ದು ನಿಂತ. ಕೈ ಮುಗಿದ.

"ನೀವು ಹೇಳಿದ್ದು ಸಾಕು ತಾಯಿ, ಬೇರೆಯವರು ಮಾತಾಡಲಿ."

ಜವರಮ್ಮ ಅವನನ್ನು ನೋಡಿದಳು. ಆಮೇಲೆ ಹೈಮವತಿಯನ್ನು ನೋಡಿದಳು.

"ಸಾಕಾ? ಯಾರಿಗೆ ಸಾಕು?" ಅಂದಳು. ದನಿ ಏರಿರಲಿಲ್ಲ. "ವರ್ಸ ಆಯ್ತು. ಮಗಾ ಏನಾಯ್ತು ಜವರಿ ಅಂತ ನಿಮ್ಮೋರು ಒಬ್ರೂ ಕೇಳ್ನಿಲ್ಲ. ಇವತ್ತು ನೀವೇ ಬಂದು, ಕರೆದು, ಚಾಪೆ ಹಾಸಿ ಕೇಳಿದ್ರಿ. ಬಾಯಿ ಬಿಟ್ಟ ಮ್ಯಾಕೆ ಸಾಕು ಅಂತೀರಿ."

ಅವಳು ಬಿಸ್ಕತ್ತನ್ನು ತಟ್ಟೆಯಲ್ಲಿ ಇಟ್ಟಳು. ಮಿಕ್ಕ ಏಳು ಜನರೂ ಇಟ್ಟರು. ಒಂದೂ ಕಚ್ಚಿರಲಿಲ್ಲ. ಎಂಟು ಜನ ಸಾಲಾಗಿ ಜಗಲಿ ಇಳಿದು ಹೋದರು.

ಅರ್ಧ ದಾರಿಯಲ್ಲಿ ಹೈಮವತಿ ಜೀಪು ನಿಲ್ಲಿಸಿದಳು.

"ನಿನ್ನದು ತಲೆಯೋ ಕುಂಬಳಕಾಯೋ? ಅವಳು ಸತ್ತ ಮಗುವಿನ ಮಾತಾಡುತ್ತಿದ್ದಳು."

"ಒಬ್ರೇ ಮಾತಾಡ್ತಿದ್ರು ಮೇಡಂ."

"ಇನ್ನು ನಿನ್ನ ಬಾಯಿಂದ ನಿನ್ನದು ಅಂತ ಒಂದು ಮಾತು ಹೊರಡಕೂಡದು. ಯಾರು ಏನೇ ಹೇಳಲಿ, ಎಷ್ಟು ಹೊತ್ತಾದರೂ ಹೇಳಲಿ, ತಲೆಯಾಡಿಸು, ಬರೆದುಕೋ. ನಿನ್ನನ್ನೇ ಏನಾದರೂ ಕೇಳಿದರೆ ಉತ್ತರ ಕೊಡಬೇಡ. 'ನಿಮಗೆ ಏನನ್ನಿಸುತ್ತೆ' ಅಂತ ಅವರನ್ನೇ ಕೇಳು. ಈ ಕೆಲಸಕ್ಕೆ ಅದೇ ಮೊದಲ ಪಾಠ. ಮೊದಲೇ ಹೇಳದೇ ಇದ್ದದ್ದು ನನ್ನ ತಪ್ಪು."

ಮರುದಿನ ಬೆಳಗ್ಗೆ ಮಾಯಿಗ ನೋಟ್‌ಬುಕ್ಕು ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ಹೈಮವತಿಯ ದಾರಿ ಕಾಯುತ್ತಿದ್ದ. ಆಟೋ ಒಂದು ಬುರ್ರನೆ ಬಂದು ನಿಂತಿತು. ಒಳಗೆ ಒಬ್ಬ ಬಸುರಿ, ಹೊಟ್ಟೆ ಹಿಡಿದು ನರಳುತ್ತಿದ್ದಾಳೆ. ಗಂಡ ಇಳಿದು ಬಂದ. ಹೊಸಬ, ಬೇರೆ ಸೀಮೆಯವನು.

"ಅಣ್ಣಾ, ಹೆರಿಗೆ ವಾರ್ಡು ಯಾವ ಕಡೆ?"

ಮಾಯಿಗ ತಲೆಯಾಡಿಸಿದ. ಬರೆದುಕೊಂಡ. "ನಿಮಗೆ ಏನನ್ನಿಸುತ್ತೆ?"

"ಏನು?"

"ನಿಮಗೆ ಏನನ್ನಿಸುತ್ತೆ?"

"ನೋವು ಜಾಸ್ತಿ ಆಗಿದೆ ಕಣಯ್ಯ. ಒಳಗೆ ನರ್ಸಮ್ಮ ಇದಾರೋ ಇಲ್ವೋ?"

ಮಾಯಿಗ ತಲೆಯಾಡಿಸಿದ. ನೋವು ಜಾಸ್ತಿ ಆಗಿದೆ, ಅಂತ ಬರೆದುಕೊಂಡ. "ಇದಾರೋ ಇಲ್ವೋ, ನಿಮಗೆ ಏನನ್ನಿಸುತ್ತೆ?"

ಆ ಗಂಡ ಕಪಾಳಕ್ಕೆ ಬಾರಿಸಿದ ಸದ್ದು ವಾರ್ಡಿನವರೆಗೂ ಕೇಳಿತು. ಕೆಂಪಾಜಮ್ಮ ಓಡಿ ಬಂದಳು. ಬಸುರಿಯನ್ನು ಅನಾಮತ್ತು ತಬ್ಬಿ ಒಳಗೆ ಒಯ್ದಳು. ಕಾಲು ಗಂಟೆಯಲ್ಲಿ ಕೂಸು ಅತ್ತಿತು. ಇನ್ನೊಂದು ಕಾಲು ಗಂಟೆ ತಡವಾಗಿದ್ದರೆ ಗೇಟಿನಲ್ಲೇ ಆಗುತ್ತಿತ್ತು ಅಂದಳು ನರ್ಸು.

ಕೆಂಪಾಜಮ್ಮ ಕೈ ತೊಳೆದು ಹೊರಗೆ ಬಂದಳು. ಮೂವತ್ತೆರಡು ವರ್ಷದ ಸಿಟ್ಟೆಲ್ಲ ಒಟ್ಟಿಗೆ ಬಂತು.

"ಏನನ್ನಿಸುತ್ತೆ ಅಂತೆ. ಹೊಟ್ಟೆ ಹಿಡ್ಕಂಡು ಬಂದೋಳ್ಗೆ ಏನನ್ನಿಸುತ್ತೆ? ನಿನ್ನ ಹೆತ್ತಾಗ ನಂಗೆ ಏನನ್ನಿಸ್ತು ಕೇಳ್ಲಾ, ಹೇಳ್ತೀನಿ. ಈ ಗೇಟಿನೊಳಗೆ ಹೊಟ್ಟೆ ಹಿಡ್ಕಂಡು ಯಾರು ಬಂದ್ರೂ ಬಾಯಿ ತೆಗೀಬ್ಯಾಡ. ಯಾರು, ಎತ್ತ ಅಂತ ನೋಡ್ಬ್ಯಾಡ. ಎತ್ಕಂಡು ಹೋಗಿ ಮಂಚದ ಮ್ಯಾಲೆ ಮನಗಿಸು. ನನ್ನ ಕೂಗು. ನಾನು ಬರೋಗಂಟ ಎದ್ದೇಳಕ್ಕೆ ಬಿಡ್ಬ್ಯಾಡ. ಬುಡು ಬುಡು ಅಂತ ಕಿರುಚ್ತಾರೆ. ಎಲ್ರೂ ಕಿರುಚ್ತಾರೆ. ಬಿಡ್ಬ್ಯಾಡ."

"ಆಗ್ಲಿ ಕಣವ್ವ."

ಎರಡು ದಿನ ಕಳೆಯಿತು. ಗುಂಪು ಚರ್ಚೆ ಮುಂದುವರಿಯಲಿಲ್ಲ. ಸಾಕು, ಬೇಡ ಅಂತ ಕಚೇರಿಯಿಂದ ಹೈಮವತಿಗೆ ಫೋನು ಬಂತು. ಮೂರನೆಯ ದಿನ ಮಧ್ಯಾಹ್ನ ಟ್ರಸ್ಟಿನ ಕಾರ್ಯದರ್ಶಿ ವೃಷಭೇಂದ್ರಪ್ಪನೇ ಕಾರಿನಲ್ಲಿ ಬಂದಿಳಿದ. ಹೆದ್ದಾರಿಯಿಂದ ಹದಿನಾರು ಕಿಲೋಮೀಟರ್ ಕುಲುಕಿಸಿಕೊಂಡು ಬಂದು ಅವನ ಮುಖ ಬಿಳುಚಿತ್ತು. ಹಿಂದೆ ಡ್ರೈವರ್. ಡ್ರೈವರ್ ಕೈಯಲ್ಲಿ ಹೊಸ ಬೀಗ.

ಸುದ್ದಿ ಹಬ್ಬಿ ಹೆಂಗಸರು ಅಂಗಳದಲ್ಲಿ ಸೇರಿದ್ದರು. ಜವರಮ್ಮ ಮುಂದೆ ನಿಂತಿದ್ದಳು.

ವೃಷಭೇಂದ್ರಪ್ಪ ಜಗಲಿ ಹತ್ತಿ ಬೈಂಡು ಮಾಡಿದ ವರದಿ ತೆಗೆದು ಓದಿದ. "ಎಂಟು ಹಳ್ಳಿಗಳಲ್ಲಿ ಎಂಟು ಗುಂಪುಗಳನ್ನು ನಡೆಸಲಾಯಿತು. ಅರವತ್ತನಾಲ್ಕು ಮಹಿಳೆಯರು ಮುಕ್ತವಾಗಿ ಅಭಿಪ್ರಾಯ ಹೇಳಿದರು. ಹೆದ್ದಾರಿಯ ಆಸ್ಪತ್ರೆಯೇ ಅನುಕೂಲವೆಂದು ಹೆಚ್ಚಿನವರು ಒಪ್ಪಿದ್ದಾರೆ."

"ಸಾರ್" ಅಂದಳು ಹೈಮವತಿ. "ಆಗಿದ್ದು ಮೂರು ಗುಂಪು. ಮೂರೂ ಕೆಟ್ಟುಹೋದವು. ಹಾಗಂತ ಯಾರೂ ಹೇಳಲಿಲ್ಲ."

"ಮಿಕ್ಕ ಐದರಲ್ಲಿ ಹೇಳುತ್ತಿದ್ದರು ಬಿಡಮ್ಮ."

"ನಾನಿನ್ನೂ ವರದಿ ಬರೆದೇ ಇಲ್ಲ ಸಾರ್."

"ನಿನಗೆ ತೊಂದರೆ ಯಾಕೆ ಅಂತ ಹೋದ ತಿಂಗಳೇ ಬರೆಸಿಟ್ಟಿದ್ದೆ."

ಹೈಮವತಿ ಪ್ರಶ್ನೆಗಳ ಹಾಳೆ ಹಿಡಿದು ಹೆಂಗಸರ ಪಕ್ಕಕ್ಕೆ ಹೋಗಿ ನಿಂತಳು.

"ಒಪ್ಕಂಡೋಳು ಯಾರು?" ಅಂದಳು ಜವರಮ್ಮ. "ಅವಳ ಮಕ ತೋರ್ಸಿ."

ವೃಷಭೇಂದ್ರಪ್ಪ ಉತ್ತರ ಹೇಳಲು ಬಾಯಿ ತೆರೆದ. ಕಾರಿನಲ್ಲೇ ಶುರುವಾಗಿದ್ದ ನೋವು ಈಗ ಎಡಗಡೆ ಪಕ್ಕೆಯಿಂದ ಕೆಳಗೆ ಚುಚ್ಚಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಅಲ್ಲೇ ಬಗ್ಗಿದ.

ಮಾಯಿಗ ನೋಡಿದ. ಗೇಟಿನ ಒಳಗೆ. ಹೊಟ್ಟೆ ಹಿಡಿದುಕೊಂಡಿದ್ದಾರೆ.

ಬಾಯಿ ತೆರೆಯಲಿಲ್ಲ. ಕಾರ್ಯದರ್ಶಿಯನ್ನು ಅನಾಮತ್ತು ಎತ್ತಿಕೊಂಡ. ಒಳಗೆ ಒಯ್ದು ಹೆರಿಗೆ ಮಂಚದ ಮೇಲೆ ಮಲಗಿಸಿದ. ಎರಡು ಭುಜವನ್ನೂ ಒತ್ತಿ ಹಿಡಿದು, "ಅವ್ವೋ" ಅಂತ ಕೂಗಿದ.

"ಬಿಡೋ, ಬಿಡೋ ನನ್ನ" ಅಂತ ವೃಷಭೇಂದ್ರಪ್ಪ ಕಿರುಚಿದ.

ಎಲ್ಲರೂ ಕಿರುಚುತ್ತಾರೆ. ಮಾಯಿಗ ಬಿಡಲಿಲ್ಲ.

ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಕೆಂಪಾಜಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. ಕಿರುಚಾಟ ಕೇಳಿ ಅಭ್ಯಾಸದ ಮೇಲೆ ಬಾಗಿಲಿನಿಂದಲೇ ಹೇಳಿದಳು. "ಈಗ್ಲೇ ತಿಣುಕಬ್ಯಾಡ ಕಣವ್ವ, ಉಸಿರು ಬುಡು." ಹತ್ತಿರ ಬಂದಳು. ಮೀಸೆ ಕಂಡಿತು.

"ಇದೇನ್ಲಾ ಮಾಯಿಗ?"

"ಹೊಟ್ಟೆ ಹಿಡ್ಕಂಡಿದ್ರು ಕಣವ್ವ. ಕಿರುಚಿದ್ರು. ಬಿಡ್ನಿಲ್ಲ."

ನರ್ಸು ಬಂದು ಪಕ್ಕೆ ಒತ್ತಿ ನೋಡಿದಳು. ಮೂತ್ರದಲ್ಲಿ ಕಲ್ಲು, ರಸ್ತೆಯ ಕುಲುಕಾಟಕ್ಕೆ ಜಾರಿದೆ ಅಂದಳು. ನೋವಿಗೆ ಸೂಜಿ ಹಾಕಿದಳು. ಡ್ರೈವರ್ ಓಡಿ ಬಂದ.

"ಸಾರ್, ನಮ್ಮ ಹೆದ್ದಾರಿ ಆಸ್ಪತ್ರೆಗೆ ಹೋಗೋಣ ಸಾರ್. ದೊಡ್ಡ ಡಾಕ್ಟರು ಇದಾರೆ. ಹದಿನಾರೇ ಕಿಲೋಮೀಟರು."

ಕಿಟಕಿಯ ಆಚೆ ಹೆಂಗಸರ ಮುಖಗಳು. ಹೈಮವತಿ ಮಂಚದ ಪಕ್ಕಕ್ಕೆ ಬಂದಳು. ರೆಕಾರ್ಡರು ಒತ್ತಿ ದಿಂಬಿನ ಹತ್ತಿರ ಇಟ್ಟಳು. ಹಾಳೆಯಿಂದ ನಾಲ್ಕನೆಯ ಪ್ರಶ್ನೆ ಓದಿದಳು. ಮೂರು ಹಳ್ಳಿಯಲ್ಲಿ ಅವಳಿಗೆ ಕೇಳಲಾಗದೆ ಉಳಿದ ಪ್ರಶ್ನೆ.

"ನೋವು ಬಂದ ಹೊತ್ತಿನಲ್ಲಿ ಹದಿನಾರು ಕಿಲೋಮೀಟರ್ ಪ್ರಯಾಣ ನಿಮಗೆ ಅನುಕೂಲವೇ?"

"ಆ ರಸ್ತೇಲಿ ಇನ್ನೊಂದು ಸಲ ಹೋಗಲ್ಲ" ಅಂತ ಅರಚಿದ ವೃಷಭೇಂದ್ರಪ್ಪ. "ಸತ್ತೇಹೋಗ್ತೀನಿ. ಇಲ್ಲೇ ನೋಡಿ. ಏನು ಮಾಡೋದಿದ್ರೂ ಇಲ್ಲೇ ಮಾಡಿ."

"ಮುಕ್ತವಾಗಿ ಹೇಳಿದಿರಿ" ಅಂದಳು ಹೈಮವತಿ. ರೆಕಾರ್ಡರು ಆರಿಸಿದಳು.

ನಾಲ್ಕು ಗಂಟೆಯ ಹೊತ್ತಿಗೆ ಕಲ್ಲು ಬಿತ್ತು. ಮೆಂತ್ಯದ ಕಾಳಿನಷ್ಟು. ನೋವು ಹೋಯಿತು. ನೋವು ಹೋದ ಕೂಡಲೇ ವೃಷಭೇಂದ್ರಪ್ಪ ಎದ್ದು ಕೂತು ಮೊದಲು ಆಡಿದ ಮಾತು: "ಬೀಗ ಎಲ್ಲಯ್ಯ?"

ಕೆಂಪಾಜಮ್ಮ ಬಾಗಿಲಲ್ಲಿದ್ದಳು. ಮೂರು ತಾಸು ಅವನ ಬೆನ್ನು ನೀವಿದವಳು ಅವಳೇ. ಅವಳ ಮುಖ ಕಪ್ಪಿಟ್ಟಿತು.

"ವಾರ್ಡಲ್ಲಿ ಮಂಚದ ಮ್ಯಾಲೆ ಜನ ಇರೋಗಂಟ ಬೀಗ ಹಾಕಂಗಿಲ್ಲ. ನಿಮ್ಮ ಟ್ರಸ್ಟಿನದೇ ರೂಲು" ಅಂದಳು. ಮಗನ ಕಡೆ ತಿರುಗಿದಳು. "ಮಾಯಿಗ, ಈ ಮಂಚ ಹತ್ತಿದೋರ್ನ ನಾವು ಹೆಂಗೆ ನೋಡ್ಕತೀವೋ ಇಷ್ಟು ವರ್ಸದಿಂದ ನೀನೂ ನೋಡಿದೀಯ. ಇವ್ರನ್ನೂ ಹಂಗೇ ನೋಡ್ಕ. ಒಂದೂ ಕಮ್ಮಿ ಮಾಡ್ಬ್ಯಾಡ."

ಹೇಳಿ ಹೊರಟುಹೋದಳು. ಬೈಯಲಿಲ್ಲ.

ಮಾಯಿಗ ಹೇಳಿದ ಹಾಗೆ ಮಾಡಿದ. ಕಾರ್ಯದರ್ಶಿಯ ಎರಡು ಕಿವಿಗೂ ಹತ್ತಿ ತುರುಕಿದ. ತಲೆಗೆ ಬಟ್ಟೆ ಬಿಗಿದ. ಹೊಟ್ಟೆಗೆ ಹಳೆಯ ಸೀರೆ ಸುತ್ತಿ ಎಳೆದು ಕಟ್ಟಿದ. ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು, ಬಿಸಿ ಅನ್ನ ಬಾಯಿಗಿಟ್ಟ. ತಣ್ಣೀರು ಕೇಳಿದರೆ ಕೊಡಲಿಲ್ಲ. ಮನೆಗೆ ಹೋಗಬೇಕು ಅಂದರೆ ಮೂರು ದಿನ ಆಗದೆ ಕಳಿಸುವ ಹಾಗಿಲ್ಲ ಅಂದ. ಡ್ರೈವರ್ ಒಂದು ಸಲ ಬಂದು ಕೇಳಿದ. ಬಾಗಿಲಿಗೆ ಅಡ್ಡ ಜವರಮ್ಮ ಕೂತಿದ್ದಳು. ಎರಡನೆಯ ಸಲ ಕೇಳಲಿಲ್ಲ.

ಆ ಮೂರು ದಿನದಲ್ಲಿ ಹೈಮವತಿ ಮಿಕ್ಕ ಐದು ಗುಂಪುಗಳನ್ನೂ ಆಸ್ಪತ್ರೆಯ ಅಂಗಳದಲ್ಲೇ ಕೂರಿಸಿ ಮುಗಿಸಿದಳು. ಮೊದಲು ಜವರಮ್ಮ ಮಾತಾಡಿದಳು, ಪೂರ್ತಿ ಮಾತಾಡಿದಳು. ನಡುವೆ ಯಾರೂ ಏಳಲಿಲ್ಲ. ಎಲ್ಲ ದನಿಯನ್ನೂ, ಕೊನೆಯಲ್ಲಿ ಕಾರ್ಯದರ್ಶಿಯ ಅರಚಾಟವನ್ನೂ ಸೇರಿಸಿ ಹೈಮವತಿ ದಾನ ಕೊಡುವವರಿಗೆ ನೇರವಾಗಿ ಕಳಿಸಿದಳು. ತನ್ನ ಕೆಲಸ ಹೋಗುತ್ತದೆ ಅಂತ ಗೊತ್ತಿದ್ದೇ ಕಳಿಸಿದಳು. ಹೋಯಿತು. ವಾರ್ಡು ಉಳಿಯಿತು.

ಕಾರ್ಯದರ್ಶಿಯನ್ನು ಮನೆಗೆ ಕಳಿಸುವ ಮೂರನೆಯ ದಿನ ಬೆಳಗ್ಗೆ ಮಾಯಿಗ ಹೆರಿಗೆ ರಿಜಿಸ್ಟರು ಹಿಡಿದು ಮಂಚದ ಹತ್ತಿರ ಬಂದ. ಕಲ್ಲನ್ನು ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಕಾರ್ಯದರ್ಶಿಯ ಮಗ್ಗುಲಲ್ಲಿ ಮಲಗಿಸಿದ. ರಿಜಿಸ್ಟರಿನಲ್ಲಿ ಒಂದು ಕಲಂ ಖಾಲಿ ಇತ್ತು.

"ಸಾರ್, ಗಂಡು ಅಂತ ಬರೀಲಾ, ಹೆಣ್ಣು ಅಂತ ಬರೀಲಾ?"

ವೃಷಭೇಂದ್ರಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

ಮಾಯಿಗ ಆ ಕಲಮಿನಲ್ಲಿ ಗೆರೆ ಎಳೆದ. ಮುಂದಿನದನ್ನು ಎಲ್ಲರಿಗೂ ಬರೆಯುವ ಹಾಗೆ ದುಂಡಗೆ ಬರೆದ: ತಾಯಿ, ವೃಷಭೇಂದ್ರಪ್ಪ. ಇಬ್ಬರೂ ಕ್ಷೇಮ.